ಇಲಿಗಿಟ್ಟ ವಿಷ, ಬೆಕ್ಕಿಗೆ ಕುತ್ತು

ಮನೆಯಲ್ಲಿ ಬೆಕ್ಕು ಸಾಕಿಕೊಂಡೂ ಅಂಗಡಿಯಿಂದ ಇಲಿ ಪಾಷಾಣ ತರುವವರು ನಮ್ಮಲ್ಲಿ ಕಡಿಮೆಯಿಲ್ಲ. ಅಟ್ಟದ ಮೇಲಿನ ಚಿಕ್ಕ ಇಲಿಗಳನ್ನು ಬೆಕ್ಕು ನೋಡಿಕೊಳ್ಳುತ್ತದೆ, ಮೋರಿಯಿಂದ ನುಗ್ಗುವ ಹೆಗ್ಗಣಕ್ಕೆ ವಿಷವೇ ಸರಿ ಎಂಬುದು ಅವರ ಲೆಕ್ಕ. ಈ ಲೆಕ್ಕದ ಮೊದಲರ್ಧ ಸುಳ್ಳೇನಲ್ಲ. ಬಲಿತ ಹೆಗ್ಗಣ ತಿರುಗಿ ಬಿದ್ದು ಕಚ್ಚುತ್ತದೆ. ಬೆಕ್ಕು ಅದರ ತಂಟೆಗೆ ಹೋಗುವುದು ಅಪರೂಪ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ದಪ್ಪ ಇಲಿಗಳು ತುಂಬಿದ್ದ ಕಸ ಮರುಬಳಕೆ ಕೇಂದ್ರವೊಂದರಲ್ಲಿ ವಿಜ್ಞಾನಿಗಳು 79 ದಿನ ಕ್ಯಾಮೆರಾ ಇಟ್ಟು ಕಾದರು. 2018ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ಅಲ್ಲಿನ ಬೆಕ್ಕುಗಳು ಕೊಂದದ್ದು ಎರಡೇ ಇಲಿ!

ತೊಡಕಿರುವುದು ಲೆಕ್ಕದ ಇನ್ನರ್ಧದಲ್ಲಿ. ವಿಷ ತಿಂದ ಹೆಗ್ಗಣ ಮೊದಲಿನ ಹೆಗ್ಗಣವಾಗಿ ಉಳಿಯುವುದಿಲ್ಲ.

ಇಲಿ ಬಲು ಅನುಮಾನದ ಪ್ರಾಣಿ. ಹೊಸ ತಿನಿಸು ಕಂಡರೆ ಮೊದಲು ಚೂರೇ ಚೂರು ರುಚಿ ನೋಡುತ್ತದೆ. ಹೊಟ್ಟೆ ಕೆಟ್ಟರೆ ಮತ್ತೆ ಅದರ ಹತ್ತಿರ ಸುಳಿಯುವುದಿಲ್ಲ. ರೈತರು ಹೊಲಗದ್ದೆಗಳಲ್ಲಿ ಬಳಸುವ ಕಪ್ಪು ಪುಡಿ, ಅಂದರೆ ಜಿಂಕ್ ಫಾಸ್ಫೈಡ್, ಹೊಟ್ಟೆಯ ಆಮ್ಲ ತಾಗಿದೊಡನೆ ವಿಷಾನಿಲ ಬಿಟ್ಟು ಕೆಲವೇ ಗಂಟೆಗಳಲ್ಲಿ ಕೊಲ್ಲುತ್ತದೆ. ಅರೆಬರೆ ತಿಂದು ಬದುಕಿದ ಇಲಿ ಮಾತ್ರ ಪಾಠ ಕಲಿತಿರುತ್ತದೆ. ಆದ್ದರಿಂದಲೇ ಮೊದಲು ಒಂದೆರಡು ದಿನ ಎಣ್ಣೆ ಸವರಿದ ಬರೀ ನುಚ್ಚಿಟ್ಟು ನಂಬಿಸಿ, ಆಮೇಲೆ ಪಾಷಾಣ ಬೆರೆಸುವ ಪದ್ಧತಿ ಬಂದದ್ದು. ಇಲಿಗೆ ಗುಮಾನಿಯೇ ಬಾರದಂತೆ ನಿಧಾನವಾಗಿ ಕೊಲ್ಲುವ ವಿಷವೊಂದು ಬೇಕಿತ್ತು. ಅದರ ಸುಳಿವು ಸಿಕ್ಕಿದ್ದು ದನದ ಮೇವಿನಲ್ಲಿ.

1920ರ ದಶಕದಲ್ಲಿ ಕೆನಡಾ ಮತ್ತು ಉತ್ತರ ಅಮೆರಿಕದ ಬಯಲುಗಳಲ್ಲಿ ಸ್ವೀಟ್ ಕ್ಲೋವರ್ ಎಂಬ ಮೇವಿನ ಬೂಷ್ಟು ಹಿಡಿದ ಹುಲ್ಲು ತಿಂದ ದನಗಳು ರಕ್ತ ನಿಲ್ಲದೆ ಸಾಯತೊಡಗಿದವು. 1933ರ ಫೆಬ್ರವರಿಯಲ್ಲಿ ವಿಸ್ಕಾನ್ಸಿನ್‌ನ ರೈತನೊಬ್ಬ ಹಿಮ ಸುರಿಯುತ್ತಿದ್ದಾಗಲೇ ಸತ್ತ ಕಡಸನ್ನೂ ಹೆಪ್ಪುಗಟ್ಟದ ರಕ್ತದ ಕ್ಯಾನನ್ನೂ ಗಾಡಿಗೆ ಹೇರಿಕೊಂಡು ಕಾರ್ಲ್ ಲಿಂಕ್ ಎಂಬ ವಿಜ್ಞಾನಿಯ ಪ್ರಯೋಗಾಲಯಕ್ಕೆ ಬಂದ. ಆ ಹುಲ್ಲಿನಲ್ಲಿದ್ದ ವಸ್ತುವನ್ನು ಬೇರ್ಪಡಿಸಲು ಲಿಂಕ್ ತಂಡಕ್ಕೆ ಆರು ವರ್ಷ ಹಿಡಿಯಿತು. ಅದರ ಜಾಡಿನಲ್ಲೇ ತಯಾರಾದ ವಾರ್ಫರಿನ್ 1948ರಲ್ಲಿ ಇಲಿ ವಿಷವಾಗಿ ಮಾರುಕಟ್ಟೆಗೆ ಬಂತು. ಹೃದಯಾಘಾತವಾದಾಗ 1955ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಕೊಟ್ಟದ್ದೂ ಇದೇ ಔಷಧ. ಇಂದಿಗೂ ಅನೇಕ ಹೃದ್ರೋಗಿಗಳು ಇದರ ಮಾತ್ರೆ ನುಂಗುತ್ತಾರೆ. ವಾರ್ಫರಿನ್‌ಗೆ ಇಲಿಗಳು ಜಗ್ಗದಂತಾದ ಮೇಲೆ ಬ್ರೋಮಾಡಿಯೋಲೋನ್‌ನಂಥ ಇನ್ನೂ ಬಲವಾದ ವಿಷಗಳು ಬಂದವು. ಅಂಗಡಿಗಳಲ್ಲಿ ಸಿಗುವ ಬಣ್ಣದ ಬಿಲ್ಲೆಗಳಲ್ಲಿ ಇರುವುದು ಹೆಚ್ಚಾಗಿ ಇದೇ.

ರಕ್ತ ಹೆಪ್ಪುಗಟ್ಟಲು ದೇಹಕ್ಕೆ ವಿಟಮಿನ್ ಕೆ ಬೇಕು. ಈ ವಿಷ ಅದರ ಕೆಲಸಕ್ಕೇ ಅಡ್ಡಗಾಲು ಹಾಕುತ್ತದೆ. ಆದರೆ ಮೊದಲೇ ಇದ್ದ ದಾಸ್ತಾನು ಕೆಲವು ದಿನ ಸಾಗುವುದರಿಂದ ಇಲಿ ಕೂಡಲೇ ಸಾಯುವುದಿಲ್ಲ. ಮತ್ತೆ ಮತ್ತೆ ಬಂದು ಬಿಲ್ಲೆ ತಿನ್ನುತ್ತದೆ. ವಿಷವೆಲ್ಲ ಯಕೃತ್ತಿನಲ್ಲಿ ಸೇರುತ್ತದೆ. ಕಡೆಕಡೆಗೆ ಬಿಲ ಬಿಟ್ಟು ಹಾಡುಹಗಲೇ ಅಂಗಳದಲ್ಲಿ ತೂರಾಡತೊಡಗುತ್ತದೆ. ನಿನ್ನೆವರೆಗೆ ದೂರವಿದ್ದ ಬೆಕ್ಕಿಗೆ ಇದಕ್ಕಿಂತ ಸುಲಭದ ಬೇಟೆ ಬೇಕೇ? ಹೊಟ್ಟೆ ತುಂಬ ಹಾಲು ಅನ್ನ ಹಾಕಿದ್ದೇವೆಂದು ನಿಶ್ಚಿಂತರಾಗುವಂತಿಲ್ಲ, ಹೊಟ್ಟೆ ತುಂಬಿದ ಬೆಕ್ಕೂ ಬೇಟೆಯಾಡುತ್ತದೆ. ಒಂದು ಇಲಿಯಿಂದ ಬೆಕ್ಕು ಸಾಯದೆಯೂ ಇರಬಹುದು; ಆದರೆ ಈ ಹೊಸ ವಿಷಗಳು ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಉಳಿಯುವಂಥವು. ದಿನಕ್ಕೊಂದರಂತೆ ತಿಂದರೆ ಕೂಡುತ್ತಾ ಹೋಗುತ್ತದೆ. ಬ್ರಿಟನ್ನಿನಲ್ಲಿ ಸತ್ತ ಗೂಬೆಗಳ ಯಕೃತ್ತಿನಲ್ಲೂ ಇವು ಪತ್ತೆಯಾಗಿವೆ. ಹೊಲದಲ್ಲಿ ಇಲಿ ಹಿಡಿಯುವ ನಮ್ಮ ಕೇರೆಹಾವಿಗೂ ಈ ಅಪಾಯ ತಪ್ಪಿದ್ದಲ್ಲ.

ಬೆಕ್ಕಿರುವ ಮನೆಗೆ ಕೊಬ್ಬರಿ ಚೂರು ಸಿಕ್ಕಿಸಿದ ಹಳೆಯ ಇಲಿ ಬೋನೇ ಮೇಲು. ನೆರೆಮನೆಯವರು ವಿಷ ಇಟ್ಟಿದ್ದರೆ ಕೇಳಿ ತಿಳಿದುಕೊಂಡು, ಸತ್ತ ಇಲಿಯನ್ನು ಬೀದಿಗೆ ಎಸೆಯದೆ ಆಳವಾಗಿ ಹೂಳಿಸಬೇಕು. ಬೆಕ್ಕು ಮಂಕಾಗಿ ಮೂಲೆ ಹಿಡಿದರೆ, ವಸಡು ಬಿಳಿಚಿಕೊಂಡರೆ, ಏದುಸಿರು ಬಂದರೆ, ಮೂಗಿನಲ್ಲೋ ಮೂತ್ರದಲ್ಲೋ ರಕ್ತ ಕಂಡರೆ ಪಶುವೈದ್ಯರ ಬಳಿ ಓಡಬೇಕು. ವಾಂತಿ ಮಾಡಿಸಲೆಂದು ಉಪ್ಪುನೀರು ಕುಡಿಸುವುದು ಅಪಾಯ. ಹೋಗುವಾಗ ವಿಷದ ಪೊಟ್ಟಣದ ಕವರು ಜೊತೆಗಿರಲಿ. ಬಿಲ್ಲೆಯ ವಿಷವಾದರೆ ವಿಟಮಿನ್ ಕೆ1 ಮದ್ದಿದೆ, ಅದನ್ನು ಕೆಲವು ವಾರ ಬಿಡದೆ ಕೊಡಬೇಕಾಗುತ್ತದೆ. ಕಪ್ಪು ಪುಡಿಗೆ ಅಂಥ ಮದ್ದಿಲ್ಲ.