ಪರದೆಯೇ ಹೇಳುವ ಕಾಯಿಲೆ

ಉಚ್ಚಂಗಿದುರ್ಗದಂಥ ಕಲ್ಲುಗುಡ್ಡದ ಆಸುಪಾಸಿನ ಊರುಗಳಲ್ಲಿ ಕಪ್ಪುಬಿಳುಪು ಟಿವಿಯ ಚಿತ್ರಕ್ಕೆ ಜೋಡಿ ನೆರಳು ಬೀಳಲು ಸೆಟ್ಟು ಕೆಡಲೇಬೇಕೆಂದಿರಲಿಲ್ಲ. ಸಿಗ್ನಲ್ ಆಂಟೆನಾಕ್ಕೆ ನೇರವಾಗಿ ಒಮ್ಮೆ, ಗುಡ್ಡಕ್ಕೆ ಬಡಿದು ತಿರುಗಿ ಇನ್ನೊಮ್ಮೆ ಬಂದರೆ ಸಾಕು, ಪರದೆಯ ಮೇಲಿನ ಮನುಷ್ಯನ ಬಲಕ್ಕೆ ಅವನದೇ ಮಸುಕು ರೂಪ ನಿಲ್ಲುತ್ತಿತ್ತು. ನಮ್ಮ ಟಿವಿ ಪದ್ಧತಿಯಲ್ಲಿ ಚಿತ್ರದ ಒಂದು ಗೆರೆ ಪರದೆಯ ಈ ತುದಿಯಿಂದ ಆ ತುದಿಗೆ ಓಡಲು ತೆಗೆದುಕೊಳ್ಳುವ ಸಮಯ ಸುಮಾರು 52 ಮೈಕ್ರೋಸೆಕೆಂಡ್. ರೇಡಿಯೋ ಅಲೆ ಒಂದು ಮೈಕ್ರೋಸೆಕೆಂಡಿನಲ್ಲಿ 300 ಮೀಟರ್ ದೂರ ಸಾಗುತ್ತದೆ. ಹಾಗಾಗಿ 20 ಇಂಚಿನ ಸೆಟ್ಟಿನ 40 ಸೆಂಟಿಮೀಟರ್ ಅಗಲದ ಚಿತ್ರದಲ್ಲಿ ನೆರಳು ನಾಲ್ಕು ಸೆಂಟಿಮೀಟರ್ ಸರಿದು ಬಿದ್ದಿದ್ದರೆ, ತಿರುಗಿ ಬಂದ ಅಲೆ ಸುಮಾರು ಒಂದೂವರೆ ಕಿಲೋಮೀಟರ್ ಹೆಚ್ಚು ದಾರಿ ಸುತ್ತಿದೆ ಎಂದು ಅಳತೆಪಟ್ಟಿ ಹಿಡಿದೇ ಹೇಳಬಹುದಿತ್ತು. ಹಳೆಯ ಟಿವಿಯನ್ನು ಹವ್ಯಾಸಕ್ಕಾಗಿ ದುರಸ್ತಿ ಮಾಡಲು ಹೊರಟವರು ಮೊದಲು ಮನಗಾಣಬೇಕಾದದ್ದು ಈ ಗುಣವನ್ನು. ತನಗೆ ಏನಾಗಿದೆ ಎಂಬುದನ್ನು ಈ ಯಂತ್ರ ತನ್ನ ಮುಖದ ಮೇಲೇ ಬರೆದು ತೋರಿಸುತ್ತದೆ. ಆ ಬರಹವನ್ನು ಓದಿ, ಅದು ಹೆಸರಿಸಿದ ಭಾಗವನ್ನಷ್ಟೇ ಸರಿಪಡಿಸಿದರೆ ಅದು ಪುನರುಜ್ಜೀವನ. ಓದದೆ ಒಳಗಿನದೆಲ್ಲವನ್ನೂ ಕಿತ್ತು ಹೊಸ ಕಿಟ್ ಬೋರ್ಡ್ ಕೂರಿಸಿದರೆ ಉಳಿಯುವುದು ಹಳೆಯ ಪೆಟ್ಟಿಗೆ ಮಾತ್ರ.

ಓದುವುದು ಅಂಥ ಕಷ್ಟದ ವಿದ್ಯೆಯೂ ಅಲ್ಲ. ಪರದೆಯ ನಡುವೆ ಅಡ್ಡಲಾಗಿ ಒಂದೇ ಒಂದು ಬೆಳ್ಳನೆ ಗೆರೆ ನಿಂತಿದ್ದರೆ, ಕಿರಣವನ್ನು ಮೇಲೆ ಕೆಳಗೆ ಓಡಿಸುವ ವರ್ಟಿಕಲ್ ಭಾಗ ನಿಂತಿದೆ, ಉಳಿದ ಬಹುಪಾಲು ಸರಿಯಿದೆ ಎಂದೇ ಅರ್ಥ. ಆಗ ತಕ್ಷಣ ಬ್ರೈಟ್‌ನೆಸ್ ಇಳಿಸಬೇಕು, ಇಲ್ಲದಿದ್ದರೆ ಆ ಗೆರೆ ಪರದೆಯ ಲೇಪವನ್ನು ಸುಟ್ಟು ಶಾಶ್ವತ ಕಲೆಯಾಗುತ್ತದೆ. ಚಿತ್ರ ತಳದಲ್ಲಿ ಮಡಿಚಿಕೊಂಡಿದ್ದರೆ ಅದೇ ಭಾಗದ ಕಂಡೆನ್ಸರ್ ಒಣಗಿರುವ ಸಂಭವ ಹೆಚ್ಚು. ಎರಡು ಕಪ್ಪು ಪಟ್ಟೆಗಳು ನಿಧಾನವಾಗಿ ಮೇಲಕ್ಕೋ ಕೆಳಕ್ಕೋ ತೇಲುತ್ತಿದ್ದರೆ ಪವರ್ ಸಪ್ಲೈನ ದೊಡ್ಡ ಫಿಲ್ಟರ್ ಕಂಡೆನ್ಸರ್ ಸೋತಿದೆ. ಪಟ್ಟೆ ಎರಡಿರುವುದಕ್ಕೂ ಲೆಕ್ಕವಿದೆ: ಪರದೆ ಸೆಕೆಂಡಿಗೆ 50 ಬಾರಿ ಮೇಲಿನಿಂದ ಕೆಳಕ್ಕೆ ತುಂಬುತ್ತದೆ, ನಾಲ್ಕು ಡಯೋಡುಗಳ ಬ್ರಿಡ್ಜಿನಿಂದ ಬರುವ ಅಲುಗಾಟ ಸೆಕೆಂಡಿಗೆ 100. ಅಂಥ ಸೆಟ್ಟಿನಲ್ಲಿ ಪಟ್ಟೆ ಒಂದೇ ಕಂಡರೆ ಕಂಡೆನ್ಸರಿಗಿಂತ ಮೊದಲು ಡಯೋಡುಗಳನ್ನು ಅನುಮಾನಿಸಬೇಕು. ಧ್ವನಿ ಬರುತ್ತಿದ್ದು ಪರದೆ ಕತ್ತಲೆಯಾಗಿದ್ದರೆ ಗಾಜಿನ ಹತ್ತಿರ ಮುಂಗೈ ಹಿಡಿದು ನೋಡಬಹುದು. ರೋಮ ಎದ್ದು ನಿಂತರೆ ಹೈವೋಲ್ಟೇಜ್ ಹುಟ್ಟುತ್ತಿದೆ, ದೋಷ ಬೇರೆ ಕಡೆ ಇದೆ. ಏನೂ ಆಗದಿದ್ದರೆ ಸೆಕೆಂಡಿಗೆ 15,625 ಗೆರೆ ಎಳೆಯುವ ಲೈನ್ ಭಾಗವನ್ನು ಹುಡುಕಬೇಕು. ಚಿತ್ರ ನಾಲ್ಕೂ ಕಡೆಯಿಂದ ಕುಗ್ಗಿದ್ದರೆ ಸೆಟ್ಟಿನಲ್ಲಿ ಏನೂ ಕೆಟ್ಟಿಲ್ಲದಿರಬಹುದು. ಪಂಪ್‌ಸೆಟ್‌ಗಳು ಒಟ್ಟಿಗೆ ಓಡುವ ಬೇಸಿಗೆಯಲ್ಲಿ ವೋಲ್ಟೇಜ್ ಕುಸಿಯುವ ನಮ್ಮ ಬಯಲುಸೀಮೆಯಲ್ಲಿ ಟಿವಿಯ ಪಕ್ಕ ಸ್ಟೆಬಿಲೈಸರ್ ಇರುತ್ತಿದ್ದದ್ದು ಈ ಕಾರಣಕ್ಕೇ. ಗೋಡೆಯ ಕರೆಂಟನ್ನು ಅಳೆಯದೆ ಸೆಟ್ಟಿನ ಬೆನ್ನು ಬಿಚ್ಚಬಾರದು.

ಬಹಳ ಹವ್ಯಾಸಿಗಳು ಇಲ್ಲಿ ಆಕ್ಷೇಪ ಎತ್ತುತ್ತಾರೆ. ನಲವತ್ತು ವರ್ಷದ ಸೆಟ್ಟಿನಲ್ಲಿ ಕಂಡೆನ್ಸರುಗಳೆಲ್ಲ ಹೇಗೂ ಒಣಗಿರುತ್ತವೆ, ಒಂದೊಂದನ್ನೇ ಹುಡುಕುತ್ತ ಕೂರುವ ಬದಲು ಎಲ್ಲವನ್ನೂ ಒಮ್ಮೆಗೇ ಬದಲಿಸುವುದು ಜಾಣತನವಲ್ಲವೇ ಎಂದು. ಇದರಲ್ಲಿ ಅರ್ಧ ಸತ್ಯವಿದೆ. ವರ್ಷಗಟ್ಟಲೆ ಅಟ್ಟದ ಮೇಲಿದ್ದ ಸೆಟ್ಟಿಗೆ ನೇರವಾಗಿ ಕರೆಂಟ್ ಕೊಟ್ಟರೆ, ಒಳಪದರ ಕ್ಷೀಣಿಸಿದ ಫಿಲ್ಟರ್ ಕಂಡೆನ್ಸರ್ ಬಿಸಿಯಾಗಿ ಸಿಡಿಯಬಹುದು, ಆದ್ದರಿಂದ ಅದನ್ನು ಮೊದಲೇ ಪರೀಕ್ಷಿಸಲೇಬೇಕು. ಆದರೆ ಇಪ್ಪತ್ತು ಭಾಗಗಳನ್ನು ಒಟ್ಟಿಗೆ ಬದಲಿಸಿದ ಮೇಲೂ ಚಿತ್ರ ಬರದಿದ್ದರೆ, ಹಳೆಯ ದೋಷವೇ ಉಳಿದಿದೆಯೋ, ಒಂದು ಕಂಡೆನ್ಸರಿನ ಪ್ಲಸ್ ಮೈನಸ್ ಅದಲುಬದಲಾಗಿ ಹೊಸ ದೋಷ ಹುಟ್ಟಿದೆಯೋ ತಿಳಿಯುವ ದಾರಿಯೇ ಇರುವುದಿಲ್ಲ. ಒಂದನ್ನು ಬದಲಿಸಿ ಪರದೆ ನೋಡಿದರೆ ಪರದೆ ಉತ್ತರ ಕೊಡುತ್ತದೆ. ವಸ್ತುಸಂಗ್ರಹದ ಕಡೆಯವರು ಇದಕ್ಕೆ ತೀರ ವಿರುದ್ಧವಾದ ಆಕ್ಷೇಪ ತರಬಹುದು: ಮೂಲ ಭಾಗ ತೆಗೆಯುವುದೇ ತಪ್ಪು, ಇದ್ದಂತೆ ಇಡಿ ಎಂದು. ಆದರೆ ಮಾಳಿಗೆ ಮನೆಯ ಮಣ್ಣಿನ ಮೇಲ್ಮುದ್ದೆಯನ್ನು ಹೊಸದಾಗಿ ಹಾಕಿದರೆ ಮನೆ ಬೇರೆಯಾಗುವುದಿಲ್ಲ, ಹಾಕದಿದ್ದರೆ ಮನೆಯೇ ಉಳಿಯುವುದಿಲ್ಲ. ಕಂಡೆನ್ಸರ್ ಅಂಥದ್ದು. ಪಿಕ್ಚರ್ ಟ್ಯೂಬು, ಕಟಕಟ ತಿರುಗುವ ಟ್ಯೂನರ್, ಮರದ ಪೆಟ್ಟಿಗೆ ಇವು ಗೋಡೆ, ಕಂಬ, ತೊಲೆ. ತೆಗೆದ ಭಾಗಗಳನ್ನು ದಿನಾಂಕ ಬರೆದ ಪೊಟ್ಟಣದಲ್ಲಿ ಕಟ್ಟಿ ಸೆಟ್ಟಿನೊಳಗೇ ಇಟ್ಟರೆ ಮುಂದಿನವರಿಗೆ ಸಾಕ್ಷಿಯೂ ಉಳಿಯುತ್ತದೆ.

ಓಡುವ ಸೆಟ್ಟೇ ಏಕೆ ಬೇಕು ಎಂಬುದಕ್ಕೆ ನಮ್ಮ ನೆರೆಯ ಜಿಲ್ಲೆಗಳ ಚರಿತ್ರೆಯೇ ಉತ್ತರ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ಉಪಗ್ರಹ ಶಿಕ್ಷಣ ಪ್ರಯೋಗದಲ್ಲಿ, ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತಲುಪಿತು. ಕರ್ನಾಟಕದಲ್ಲಿ ಆಯ್ಕೆಯಾದದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು. ಕೋಳಿ ಬಲೆಯಂಥ ತಂತಿ ಜಾಲರಿಯ ಮೂರು ಮೀಟರ್ ಆಂಟೆನಾ ನೆಟ್ಟು ಊರಿನವರು ಒಟ್ಟಾಗಿ ನೋಡಿದ ಸೆಟ್ಟುಗಳವು. ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ರಂದು. ಅಂದರೆ ಈ ಜಿಲ್ಲೆಗಳ ಹಳ್ಳಿಗಳು ರಾಜಧಾನಿಗಿಂತ ಮುಂಚೆ ಟಿವಿ ನೋಡಿದವು. ದೂಳು, ಸೆಕೆ, ಹದ ತಪ್ಪಿದ ವೋಲ್ಟೇಜಿನ ನಡುವೆ ಆ ಸೆಟ್ಟುಗಳನ್ನು ಓಡುವಂತೆ ಇಡುವುದೂ ಪ್ರಯೋಗದ ಭಾಗವೇ ಆಗಿತ್ತು. ಇಷ್ಟನ್ನು ಪುಸ್ತಕ ಹೇಳಬಲ್ಲದು. ಸ್ವಿಚ್ ಹಾಕಿದ ಮೇಲೆ ಟ್ಯೂಬು ಕಾಯುವ ತನಕದ ಆ ಮೌನ, ಆರಿಸಿದಾಗ ನಡುವೆ ಕುಗ್ಗಿ ಉಳಿಯುವ ಚುಕ್ಕಿ, ಇವನ್ನು ಓಡುವ ಸೆಟ್ಟು ಮಾತ್ರ ತೋರಿಸಬಲ್ಲದು.

ಪ್ರಸಾರವೇ ಇಲ್ಲವಲ್ಲ ಎಂಬ ಮಾತು ನಿಜ. ದೂರದರ್ಶನದ ಹಳೆಯ ಅನಲಾಗ್ ಪ್ರಸಾರ ಕೇಂದ್ರಗಳಲ್ಲಿ ಕೆಲವನ್ನು ಬಿಟ್ಟು ಉಳಿದವನ್ನು 2022ರ ಹೊತ್ತಿಗೆ ಮುಚ್ಚುವುದೆಂದು ಪ್ರಸಾರ ಭಾರತಿ ನಿರ್ಧರಿಸಿತು. ಗುಡ್ಡದ ನೆರಳನ್ನು ಇನ್ನು ಪರದೆಯ ಮೇಲೆ ಅಳೆಯಲಾಗದು, ಅದೊಂದು ನಷ್ಟವೇ. ಚಿತ್ರಕ್ಕೆ ಮಾತ್ರ ತೊಂದರೆಯಿಲ್ಲ: ಸೆಟ್‌ಟಾಪ್ ಬಾಕ್ಸಿಗೆ ಆರ್‌ಎಫ್ ಮಾಡ್ಯುಲೇಟರ್ ಜೋಡಿಸಿ ಆಂಟೆನಾದ ಜಾಗಕ್ಕೆ ಕೊಟ್ಟರೆ ಸಾಕು. ಮಾಡ್ಯುಲೇಟರ್ ಮಾತ್ರ, ಧ್ವನಿ ಚಿತ್ರದಿಂದ 5.5 ಮೆಗಾಹರ್ಟ್ಸ್ ಅಂತರದಲ್ಲಿರುವ ಪಾಲ್ ಮಾದರಿಯದ್ದೇ ಆಗಿರಬೇಕು, ಅಮೆರಿಕದ ಮಾದರಿ ತಂದರೆ ಚಿತ್ರ ಬಂದೀತು, ಮಾತು ಬರಲಾರದು.

ಅಪಾಯದ ಆಕ್ಷೇಪವನ್ನು ಮಾತ್ರ ಹಗುರವಾಗಿ ತಳ್ಳಿಹಾಕುವಂತಿಲ್ಲ. ಕಪ್ಪುಬಿಳುಪು ಟ್ಯೂಬಿನ ಆನೋಡಿನಲ್ಲಿ ಹತ್ತು ಸಾವಿರ ವೋಲ್ಟಿಗೂ ಮೀರಿದ ಒತ್ತಡವಿರುತ್ತದೆ. ಪ್ಲಗ್ ಕಿತ್ತ ಮೇಲೂ ಟ್ಯೂಬಿನ ಗಾಜು ಅದನ್ನು ಹಿಡಿದಿಟ್ಟುಕೊಂಡಿರುತ್ತದೆ, ವಿಧಿಬದ್ಧವಾಗಿ ಡಿಸ್ಚಾರ್ಜ್ ಮಾಡದೆ ಮುಟ್ಟಬಾರದು. ಹಲವು ಸೆಟ್ಟುಗಳ ಚಾಸಿಗೇ ಮೇನ್ಸ್ ಕರೆಂಟ್ ತಾಗಿರುತ್ತದೆ. ಮೆಕ್ಯಾನಿಕರು ಕಟ್ಟುವ ಸೀರೀಸ್ ಬಲ್ಬು ಶಾರ್ಟ್ ಆದಾಗ ಸೆಟ್ಟನ್ನು ಉಳಿಸುತ್ತದೆ, ಮನುಷ್ಯನನ್ನಲ್ಲ. ಅದಕ್ಕೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಬೇಕು. ಹೊಸಬರು ಬಿಚ್ಚುವ ಮೊದಲು ಹಳೆಯ ಮೆಕ್ಯಾನಿಕರೊಬ್ಬರ ಪಕ್ಕದಲ್ಲಿ ಕೂತು ಕಲಿಯುವುದು ಒಳ್ಳೆಯದು. ಪರದೆ ಓದುವ ವಿದ್ಯೆ ಅವರಲ್ಲೇ ಇನ್ನೂ ಉಳಿದಿರುವುದು.

ಓದಿದರೂ ವಾಸಿಯಾಗದ ಕಾಯಿಲೆ ಒಂದಿದೆ. ಚಿತ್ರ ಬರಲು ನಿಮಿಷಗಟ್ಟಲೆ ಹಿಡಿದು, ಬಂದರೂ ಬೂದಿ ಬಣ್ಣಕ್ಕಿದ್ದರೆ ಟ್ಯೂಬಿನ ಕ್ಯಾಥೋಡ್ ಸವೆದಿದೆ. ಹೀಟರಿಗೆ ವೋಲ್ಟೇಜ್ ಏರಿಸಿ ಕೆಲಕಾಲ ಚೇತರಿಸುವಂತೆ ಮಾಡಬಹುದು, ಆದರೆ ಅದು ಉಳಿದಿರುವ ಲೇಪವನ್ನೇ ಬೇಗ ಖರ್ಚು ಮಾಡಿಸುತ್ತದೆ. ಅಂಥ ಸೆಟ್ಟನ್ನು ಕತ್ತಲೆ ಕೋಣೆಯಲ್ಲಿಟ್ಟು, ಬ್ರೈಟ್‌ನೆಸ್ ತಗ್ಗಿಸಿ, ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸುವುದೇ ಮೇಲು.