ಗೊಟ್ಟಿಗೆರೆಯ ಗೋಡೆಯಲ್ಲಿ ಕೊಡಗಿನ ತಕ್ಕಡಿ

ಬನ್ನೇರುಘಟ್ಟ ರಸ್ತೆಯ ಬಸ್ ಸ್ಟಾಪಿನಲ್ಲಿ ಪರಿಚಯವಾದ ಗೆಳೆಯರೊಬ್ಬರು ಕೊಡಗಿನವರು. ‘ತಾಯಿ ಬಂದಿದ್ದಾರೆ, ಭಾನುವಾರ ಕಾಫಿಗೆ ಬನ್ನಿ’ ಎಂದು ಕರೆದರು. ಅವರ ಅಮ್ಮ ಬಂದಿದ್ದಾರೆಂದುಕೊಂಡು ಹೋದೆ. ಬಾಗಿಲು ತೆರೆದಾಗ ಕಂಡದ್ದು ಎಂಬತ್ತು ದಾಟಿದ ಅಜ್ಜಿ. ಕೊಡವರ ಮನೆಗಳಲ್ಲಿ ಅಮ್ಮನನ್ನು ಅವ್ವ ಎನ್ನುತ್ತಾರೆ, ತಾಯಿ ಎಂದರೆ ಅಜ್ಜಿ. ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಂದು ಒಂದು ತಿಂಗಳಿಂದ ಗೊಟ್ಟಿಗೆರೆಯಲ್ಲೇ ಇದ್ದಾರೆ.

ಅಜ್ಜಿ ಬೆಲ್ಲದ ಕಾಫಿ ತಂದು ಕೊಟ್ಟರು. ನನ್ನ ಕಣ್ಣು ಮಾತ್ರ ಹಜಾರದ ಗೋಡೆಯ ಮೇಲಿತ್ತು. ಅಲ್ಲೊಂದು ತಕ್ಕಡಿ ತೂಗುಹಾಕಿದ್ದರು. ಮೊಳದುದ್ದದ ಕಬ್ಬಿಣದ ದಂಡ, ನಡುವೆ ಸಣ್ಣ ಮುಳ್ಳು, ಊಟದ ತಟ್ಟೆಯಷ್ಟು ಅಗಲದ ಎರಡು ಹಿತ್ತಾಳೆ ತಟ್ಟೆಗಳು, ಒಂದೊಂದಕ್ಕೂ ಮೂರು ಸರಪಳಿ. ಬಲಗಡೆ ತಟ್ಟೆ ಸವೆದು ಹಗುರಾಗಿರಬೇಕು, ಅದರ ಒಂದು ಸರಪಳಿಗೆ ತಂತಿಯಲ್ಲಿ ಬಿಗಿದ ಹುಣಸೆ ಬೀಜದ ಗಾತ್ರದ ಕಲ್ಲೊಂದಿತ್ತು. ಹಳೆಯ ಸಾಮಾನನ್ನು ಅಲಂಕಾರಕ್ಕೆ ಹಾಕಿದ್ದೀರಾ ಎಂದು ಕೇಳಿದೆ.

‘ಅಲಂಕಾರ ಅಲ್ಲ ಮಗ, ಅದು ನಮ್ಮಪ್ಪನ ಪಾರ್ಟಿ’ ಎಂದರು ಅಜ್ಜಿ.

ಅವತ್ತಿನಿಂದ ಮೂರು ವಾರ ನನ್ನ ತಲೆಯಲ್ಲಿ ಬೇರೇನೂ ಇಲ್ಲ.

ಕೊಡಗು ಒಂದು ಕಾಲಕ್ಕೆ ಪ್ರತ್ಯೇಕ ರಾಜ್ಯವಾಗಿತ್ತು ಎಂಬುದು ನಮಗೆಲ್ಲ ಶಾಲೆಯಲ್ಲಿ ಓದಿದ ನೆನಪು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕಂಪನಿ ಸರ್ಕಾರ ಅದನ್ನು ವಶಪಡಿಸಿಕೊಂಡಿತು. ಮುಂದೆ ಚೀಫ್ ಕಮಿಷನರ್ ಆಳ್ವಿಕೆ ಬಂತು, 1924ರಲ್ಲಿ ಶಾಸನ ಪರಿಷತ್ತೊಂದು ಬಂತು. ಸ್ವಾತಂತ್ರ್ಯದ ನಂತರ ಅದು ‘ಸಿ’ ದರ್ಜೆಯ ರಾಜ್ಯವಾಯಿತು. 1951ರ ಜನಗಣತಿಯ ಪ್ರಕಾರ ಅಲ್ಲಿದ್ದವರು 2.29 ಲಕ್ಷ ಜನ. ಅಷ್ಟು ಜನರಿಗೆ 1952ರಲ್ಲಿ 24 ಸ್ಥಾನದ ವಿಧಾನಸಭೆ ಸಿಕ್ಕಿತು. ಆಗ ವಿಧಾನಸಭೆಯಿದ್ದ ‘ಸಿ’ ದರ್ಜೆಯ ರಾಜ್ಯಗಳು ಆರು: ಅಜ್ಮೀರ್, ಭೋಪಾಲ್, ಕೊಡಗು, ದೆಹಲಿ, ಹಿಮಾಚಲ ಪ್ರದೇಶ, ವಿಂಧ್ಯ ಪ್ರದೇಶ. ಅವುಗಳಲ್ಲೆಲ್ಲ ಚಿಕ್ಕ ಸಭೆ ಕೊಡಗಿನದು. ಸಭೆ ಸೇರುತ್ತಿದ್ದದ್ದು ಮಡಿಕೇರಿ ಕೋಟೆಯೊಳಗೆ. ಆ ಜಾಗವನ್ನು ಅಲ್ಲಿನವರು ಈಗಲೂ ಹಳೆ ವಿಧಾನ ಸಭಾಂಗಣ ಎಂದೇ ಕರೆಯುತ್ತಾರೆ.

ಆ ಮೊದಲ ಚುನಾವಣೆಯಲ್ಲಿ ಅಭ್ಯರ್ಥಿಗಳ ಹೆಸರಿಗಿಂತ ದೊಡ್ಡದಾಗಿದ್ದ ಪ್ರಶ್ನೆ ಒಂದೇ. ಕೊಡಗು ತನ್ನ ಪಾಡಿಗೆ ತಾನಿರಬೇಕೋ, ಕನ್ನಡ ನಾಡಿನ ದೊಡ್ಡ ಒಕ್ಕೂಟಕ್ಕೆ ಸೇರಬೇಕೋ? ಸೇರೋಣ ಎಂದದ್ದು ಸಿ.ಎಂ. ಪೂಣಚ್ಚ ಅವರ ನೇತೃತ್ವದ ಕಾಂಗ್ರೆಸ್, ಅದರ ಗುರುತು ಜೋಡೆತ್ತು. ಬೇಡ ಎಂದವರ ಮುಂದಾಳು ಪಂದ್ಯಂಡ ಬೆಳ್ಯಪ್ಪ. ಅವರ ಕಡೆಯವರು ಚುನಾವಣಾ ಲೆಕ್ಕದಲ್ಲಿ ಪಕ್ಷೇತರರು, ಜನರ ಬಾಯಲ್ಲಿ ಮಾತ್ರ ತಕ್ಕಡಿ ಪಕ್ಷ.

ಬೆಳ್ಯಪ್ಪನವರ ಹೆಸರು ಬಂದಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಏಕೀಕರಣದ ಕಥೆಯನ್ನು ನಾವು ಹೇಳುವ ರೀತಿಯಲ್ಲಿ ‘ಬೇಡ’ ಎಂದವರೆಲ್ಲ ಕನ್ನಡಕ್ಕೆ ಅಡ್ಡ ನಿಂತವರಾಗಿಬಿಡುತ್ತಾರೆ. ಆದರೆ ಬೆಳ್ಯಪ್ಪ ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡ ಗಾಂಧಿವಾದಿ. ಕೊಡಗಿನ ಗಾಂಧಿ ಎಂದೇ ಅವರನ್ನು ಕರೆಯುತ್ತಿದ್ದರು. ಪೂಣಚ್ಚ ಸಂವಿಧಾನ ರಚನಾ ಸಭೆಯಲ್ಲಿ ಕೊಡಗಿನ ಪ್ರತಿನಿಧಿಯಾಗಿದ್ದವರು. ಇಬ್ಬರೂ ಕೊಡವರು, ಇಬ್ಬರೂ ಗಾಂಧಿಯ ಹಿಂದೆ ನಡೆದವರು. ಒಂದೇ ಅಂಗಳದಲ್ಲಿ ಬೆಳೆದ ಇಬ್ಬರು ಒಂದೇ ಪ್ರಶ್ನೆಗೆ ಎರಡು ಉತ್ತರ ಕೊಟ್ಟರು. ತಕ್ಕಡಿಯವರು ಕೇಳಿದ್ದು ಭಾಷೆಯ ಪ್ರಶ್ನೆಯಲ್ಲ, ಗಾತ್ರದ ಪ್ರಶ್ನೆ. ನಾಳೆ ದೊಡ್ಡ ಸಭೆಯಲ್ಲಿ ನಮ್ಮ ದನಿ ಯಾರಿಗೆ ಕೇಳಿಸುತ್ತದೆ ಎಂದು ಅವರು ಕೇಳಿದರು. ಎಪ್ಪತ್ತು ವರ್ಷದ ನಂತರ ಓದಿದರೂ ಆ ಪ್ರಶ್ನೆಯಲ್ಲಿ ದ್ವೇಷ ನನಗೆ ಕಾಣುವುದಿಲ್ಲ.

ಗೋಡೆಯ ಮೇಲಿನ ತಕ್ಕಡಿಗೆ ಬರುತ್ತೇನೆ. ಅಜ್ಜಿಗೆ ಆಗ ಹತ್ತೋ ಹನ್ನೊಂದೋ ವರ್ಷ. ಅವರ ಊರು ಕಿಗ್ಗಟ್ಟುನಾಡಿನ ಕಡೆ. ಕರಿಮೆಣಸು, ಏಲಕ್ಕಿ ತೂಗಲು ಮನೆಯಲ್ಲಿದ್ದ ಈ ತಕ್ಕಡಿಯನ್ನು ಚುನಾವಣೆ ಬಂದಾಗ ಅವರಪ್ಪ ಉಗ್ರಾಣದಿಂದ ತಂದು ಕೈಸಾಲೆಯ ತೊಲೆಗೆ ಕಟ್ಟಿದರಂತೆ. ಬಂದುಹೋಗುವವರಿಗೆಲ್ಲ ಅದೇ ಪ್ರಚಾರ. ಪಕ್ಕದ ಮನೆಯವರದು ಜೋಡೆತ್ತು. ಮಕ್ಕಳೂ ಎರಡು ಗುಂಪಾದರು. ಹೆಗಲಿಗೆ ಕೋಲಿಟ್ಟು ಇಬ್ಬರು ಎತ್ತಾದರೆ, ಇತ್ತ ಒಬ್ಬಳು ಎರಡೂ ಕೈ ಚಾಚಿ ನಿಂತು ತಕ್ಕಡಿಯಾಗುತ್ತಿದ್ದಳು. ಇದನ್ನು ಹೇಳುವಾಗ ಅಜ್ಜಿ ಕುರ್ಚಿಯಲ್ಲಿ ಕುಳಿತಂತೆಯೇ ಎರಡು ಕೈ ಚಾಚಿ ತೋರಿಸಿದರು. ಎಡಗೈ ನಡುಗುತ್ತಿತ್ತು.

‘ಕಾಫಿ ಒಣಗಿಸುವ ಕಣದಲ್ಲಿ ಆಡುತ್ತಿದ್ದೆವು. ಎತ್ತುಗಳು ಓಡಿ ಬಂದು ತಕ್ಕಡಿಯನ್ನು ಬೀಳಿಸಬೇಕು. ಬೀಳದಿದ್ದರೆ ನಾವು ಗೆದ್ದ ಹಾಗೆ.’

ನೀವು ಬಿದ್ದಿರಾ ಎಂದು ಕೇಳಿದೆ. ‘ಒಂದೇ ಸಲ’ ಎಂದರು.

ಅಂದಿನ ಮತದಾನದ ಕ್ರಮ ಇಂದಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. 1952ರಲ್ಲಿ ಚೀಟಿಯ ಮೇಲೆ ಯಾವ ಮುದ್ರೆಯನ್ನೂ ಒತ್ತುವಂತಿರಲಿಲ್ಲ. ಮರೆಯ ಹಿಂದೆ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಉಕ್ಕಿನ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವನ ಗುರುತಿನ ಚಿತ್ರ. ಖಾಲಿ ಚೀಟಿಯನ್ನು ಬೇಕಾದ ಪೆಟ್ಟಿಗೆಗೆ ಹಾಕಿ ಬರಬೇಕು. ಓದು ಬಾರದವರಿಗೆ ಅದು ವರವಾಗಿತ್ತು. ಕೊಡಗಿನ 18 ಕ್ಷೇತ್ರಗಳಲ್ಲಿ 6 ಎರಡು ಸದಸ್ಯರ ಕ್ಷೇತ್ರಗಳು, 12 ಒಬ್ಬರದು, ಸೇರಿ 24. ಎರಡು ಸದಸ್ಯರಿರುವ ಕಡೆ ಮತದಾರನ ಕೈಗೆ ಎರಡು ಚೀಟಿ. ಎರಡನ್ನೂ ಒಬ್ಬನಿಗೇ ಹಾಕುವಂತಿಲ್ಲ. ತಕ್ಕಡಿಯ ಎರಡು ತಟ್ಟೆಗಳನ್ನು ನೋಡುತ್ತ ಆ ಎರಡು ಚೀಟಿಗಳ ಬಗ್ಗೆ ನಾನು ಎಷ್ಟೋ ಹೊತ್ತು ಯೋಚಿಸಿದ್ದೇನೆ. ಒಂದನ್ನು ಎತ್ತಿಗೆ, ಒಂದನ್ನು ತಕ್ಕಡಿಗೆ ಹಾಕಿದವರು ಎಷ್ಟು ಮಂದಿಯೋ! ಸೇರಬೇಕೆಂಬ ಆಸೆ, ಕರಗಿಹೋಗುತ್ತೇವೆಂಬ ಅಂಜಿಕೆ ಎರಡೂ ಒಂದೇ ಎದೆಯಲ್ಲಿ ಇರಬಲ್ಲವು. ಅಂಥವರಿಗೆ ಆ ಎರಡು ಚೀಟಿಗಿಂತ ಪ್ರಾಮಾಣಿಕವಾದ ಮತಪದ್ಧತಿ ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ.

ಅಜ್ಜಿಯ ಅವ್ವ ಮತ ಹಾಕಿ ಬಂದಾಗ ಅಪ್ಪ ಏನೂ ಕೇಳಲಿಲ್ಲವಂತೆ. ತಕ್ಕಡಿಗೇ ಹಾಕಿರುತ್ತಾಳೆ ಎಂಬ ಭರವಸೆ. ಅವ್ವನೂ ಹೇಳಲಿಲ್ಲ. ಆದರೆ ಎಣಿಕೆಯ ದಿನ ಕಾಂಗ್ರೆಸ್ ಗೆದ್ದ ಸುದ್ದಿ ಬಂದಾಗ ಅಪ್ಪ ಊಟ ಬಿಟ್ಟು ಮಲಗಿದರೆ, ಅವ್ವ ಮಕ್ಕಳಿಗೆ ಪಾಯಸ ಮಾಡಿಕೊಟ್ಟರು. ಅವತ್ತು ಹಬ್ಬವಿರಲಿಲ್ಲ ಎಂಬುದು ಅಜ್ಜಿಗೆ ಚೆನ್ನಾಗಿ ನೆನಪಿದೆ.

ಫಲಿತಾಂಶ ಕಾಂಗ್ರೆಸ್ 15, ಉಳಿದವರು 9. 1952ರ ಮಾರ್ಚ್ 27ರಂದು ಪೂಣಚ್ಚ ಮುಖ್ಯಮಂತ್ರಿಯಾದರು. ಜೊತೆಗೆ ಕೆ. ಮಲ್ಲಪ್ಪ. ಮಂತ್ರಿಮಂಡಲವೆಂದರೆ ಆ ಇಬ್ಬರೇ. ಮುಖ್ಯಮಂತ್ರಿಯನ್ನು ನೋಡಬೇಕೆಂದರೆ ಅಜ್ಜಿಯ ಅಪ್ಪ ಬೆಳಗಿನ ಬಸ್ಸಿಗೆ ಮಡಿಕೇರಿಗೆ ಹೋಗಿ ಸಂಜೆಯ ಬಸ್ಸಿಗೆ ಮನೆಗೆ ಬರುತ್ತಿದ್ದರು. ಸೋತ ಪಕ್ಷದವನೆಂದು ಯಾರೂ ಬಾಗಿಲಲ್ಲಿ ತಡೆಯುತ್ತಿರಲಿಲ್ಲವಂತೆ. ತಕ್ಕಡಿಯವರು ಕಳೆದುಕೊಳ್ಳಲು ಅಂಜಿದ್ದು ಇದನ್ನೇ.

ಮುಂದಿನದು ಬೇಗ ನಡೆಯಿತು. 1953ರ ಕೊನೆಗೆ ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ.ಎಂ. ಪಣಿಕ್ಕರ್ ಅವರ ರಾಜ್ಯ ಪುನರ್ವಿಂಗಡಣಾ ಆಯೋಗ ಬಂತು. 1955ರ ಸೆಪ್ಟೆಂಬರ್ 30ರ ವರದಿಯಲ್ಲಿ ಅದು ಕೊಡಗನ್ನು ಕರ್ನಾಟಕಕ್ಕೆ ಸೇರಿಸಲು ಹೇಳಿತು. ಇಲ್ಲಿ ಒಂದು ಸಂಗತಿ ನನ್ನನ್ನು ಹಿಡಿದಿಟ್ಟಿದೆ. ಅದೇ ವರದಿ ಹಿಮಾಚಲವನ್ನೂ ಪಂಜಾಬಿಗೆ ಸೇರಿಸಿ ಎಂದಿತ್ತು. ಆದರೆ ಅಧ್ಯಕ್ಷ ಫಜಲ್ ಅಲಿ ತಾವೊಬ್ಬರೇ ಅದನ್ನು ಒಪ್ಪದೆ ಬೇರೆ ಟಿಪ್ಪಣಿ ಬರೆದರು. ಹಿಮಾಚಲ ಪ್ರತ್ಯೇಕವಾಗಿ ಉಳಿಯಿತು, 1971ರಲ್ಲಿ ಪೂರ್ಣ ರಾಜ್ಯವೂ ಆಯಿತು. ಕೊಡಗಿನ ಪರವಾಗಿ ಅಂಥ ಟಿಪ್ಪಣಿಯನ್ನು ಆಯೋಗದಲ್ಲಿ ಯಾರೂ ಬರೆಯಲಿಲ್ಲ. 1956ರ ನವೆಂಬರ್ 1ರಂದು ಕೊಡಗು ಹೊಸ ಮೈಸೂರು ರಾಜ್ಯದ ಒಂದು ಜಿಲ್ಲೆಯಾಯಿತು. ಪೂಣಚ್ಚ ಬೆಂಗಳೂರಿನಲ್ಲಿ ಮಂತ್ರಿಯಾದರು, ಮುಂದೆ ದೆಹಲಿಯಲ್ಲಿ ರೈಲ್ವೆ ಸಚಿವರೂ ಆದರು.

ಅಂದಹಾಗೆ, ದೊಡ್ಡದರ ಜೊತೆ ಸೇರಲು ಹಿಂದೆಮುಂದೆ ನೋಡಿದವರು ಆಗ ಹಳೇ ಮೈಸೂರಿನಲ್ಲೂ ಇದ್ದರು. ನಮ್ಮ ಸಂಸ್ಥಾನದ ಸುಖಕ್ಕೆ ಪೆಟ್ಟು ಬೀಳುತ್ತದೆ ಎಂದು ಅಲ್ಲಿನ ಕಾಂಗ್ರೆಸ್ಸಿಗರಲ್ಲೇ ಹಲವರು ವಿರೋಧಿಸಿದ್ದರು. ಕೆಂಗಲ್ ಹನುಮಂತಯ್ಯ ಅವರನ್ನೆಲ್ಲ ಎದುರು ಹಾಕಿಕೊಂಡೇ ಏಕೀಕರಣದ ಪರ ನಿಂತರು. ಅಂಜಿಕೆ ಚಿಕ್ಕವರಿಗಷ್ಟೇ ಇರುತ್ತದೆ ಎನ್ನುವಂತಿಲ್ಲ.

ಈಗ ಲೆಕ್ಕ ನೋಡಿ. ಅಂದು 2.29 ಲಕ್ಷ ಜನರಿಗೆ 24 ಶಾಸಕರು. 2011ರ ಜನಗಣತಿಯಲ್ಲಿ ಕೊಡಗಿನ ಜನ 5.54 ಲಕ್ಷ, 224 ಸ್ಥಾನಗಳ ವಿಧಾನಸಭೆಯಲ್ಲಿ ಅವರ ಪಾಲು 2: ಮಡಿಕೇರಿ, ವಿರಾಜಪೇಟೆ. ಆಗ ಲೋಕಸಭೆಗೆ ಅದರದೇ ಒಂದು ಸ್ಥಾನವಿತ್ತು, ಈಗ ಮೈಸೂರಿನೊಂದಿಗೆ ಹಂಚಿಕೆ. ಜನಸಂಖ್ಯೆಯ ಅಳತೆಯಲ್ಲಿ ಇದು ನ್ಯಾಯವೇ. ಆದರೆ ಸೇರ್ಪಡೆಗೆ ಬೇರೆ ಅಳತೆಗಳೂ ಇವೆ. ಮಾಲ್ಟಾ ಎಂಬ ದ್ವೀಪದೇಶ ಕೊಡಗಿಗಿಂತ ಎಷ್ಟೋ ಚಿಕ್ಕದು. ಅದರ ವಿಸ್ತಾರ 316 ಚದರ ಕಿಲೋಮೀಟರ್, ಕೊಡಗಿನದು 4,102. ಯುರೋಪಿಯನ್ ಒಕ್ಕೂಟ ಸೇರಬೇಕೇ ಎಂದು ಅಲ್ಲಿ 2003ರ ಮಾರ್ಚಿನಲ್ಲಿ ಜನಮತ ಕೇಳಿದರು. ಸುಮಾರು ಶೇ. 53.6ರಷ್ಟು ಮಂದಿ ಹೌದು ಎಂದರು. ಮರುತಿಂಗಳೇ ಅದೇ ಪ್ರಶ್ನೆಯ ಮೇಲೆ ಸಾರ್ವತ್ರಿಕ ಚುನಾವಣೆಯೂ ನಡೆಯಿತು. ಸೇರಿದ ಮಾಲ್ಟಾಕ್ಕೆ ಒಕ್ಕೂಟದ ಸಂಸತ್ತಿನಲ್ಲಿ ಈಗ 6 ಸ್ಥಾನ. ಚಿಕ್ಕವರಿಗೆ ಜನಸಂಖ್ಯೆಗಿಂತ ಹೆಚ್ಚು ಪಾಲು ಕೊಡಬೇಕೆಂಬುದು ಆ ಒಕ್ಕೂಟದ ನಿಯಮವೇ ಆಗಿದೆ. ನಾರ್ವೆ 1972ರಲ್ಲಿ ಒಮ್ಮೆ, 1994ರಲ್ಲಿ ಮತ್ತೊಮ್ಮೆ ಬೇಡ ಎಂದು ಹೊರಗೇ ಉಳಿಯಿತು. ಕೊಡಗಿಗಿಂತ ಕಡಿಮೆ ಜನರಿರುವ ಐಸ್‌ಲ್ಯಾಂಡ್ 63 ಸದಸ್ಯರ ಸಂಸತ್ತನ್ನು ಇಟ್ಟುಕೊಂಡು ಸೇರುವ ವಿಚಾರವನ್ನು ಇನ್ನೂ ಚರ್ಚಿಸುತ್ತಿದೆ.

ಕೊಡಗು ಕರ್ನಾಟಕಕ್ಕೆ ಸೇರಿದ್ದು ಸರಿ ಎಂದೇ ನಾನು ತಿಳಿದಿದ್ದೇನೆ. ಕಾವೇರಿ ಹುಟ್ಟುವ ನೆಲವಿಲ್ಲದ ಕನ್ನಡ ನಾಡನ್ನು ಕಲ್ಪಿಸಿಕೊಳ್ಳಲು ನನ್ನಿಂದಾಗದು. ಆದರೆ ಸೇರುವಾಗ ಮಾಲ್ಟಾಕ್ಕೆ ಸಿಕ್ಕಂಥ ಒಂದು ವಿಶೇಷ ಪಾಲನ್ನು, ಚಿಕ್ಕವರ ದನಿಗೊಂದು ಕಾವಲನ್ನು ನಾವು ಬರೆದುಕೊಡಬೇಕಿತ್ತು. ಅಜ್ಜಿಯ ತಕ್ಕಡಿಯಲ್ಲಿ ಹಗುರ ತಟ್ಟೆಗೆ ಕಟ್ಟಿದ ಆ ಕಲ್ಲಿನಷ್ಟಾದರೂ. 1990ರ ದಶಕದಿಂದ ಕೊಡಗಿನಲ್ಲಿ ಮತ್ತೆ ಮತ್ತೆ ಏಳುತ್ತಿರುವ ಪ್ರತ್ಯೇಕ ರಾಜ್ಯದ, ಸ್ವಾಯತ್ತೆಯ ಬೇಡಿಕೆಯ ಒಳಗೆ ನನಗೆ ಕೇಳಿಸುವುದು ಆ ಕಲ್ಲಿನ ಕೊರತೆಯೇ.

ಇದನ್ನು ಗೊಟ್ಟಿಗೆರೆಯಲ್ಲಿ ಕುಳಿತು ಬರೆಯುತ್ತಿರುವುದರಿಂದ ನನಗೆ ಇನ್ನಷ್ಟು ತಾಗುತ್ತದೆ. 2007ರಲ್ಲಿ 7 ನಗರಸಭೆ, 1 ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಾಡಿದರಲ್ಲ, ಆಗ ನಮ್ಮೂರೂ ಪಾಲಿಕೆಯ ಒಳಗಾಯಿತು. ಊರಿನವರ ಮತ ಕೇಳಿ ಸೇರಿಸಿದ್ದಲ್ಲ. 198 ವಾರ್ಡುಗಳಲ್ಲಿ ಒಂದಾಗಿ 2010ರಲ್ಲಿ, 2015ರಲ್ಲಿ ಮತ ಹಾಕಿದೆವು. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ನಮಗೆ ಕಾರ್ಪೊರೇಟರೇ ಇಲ್ಲದಾಯಿತು. ಪಂಚಾಯಿತಿ ಇದ್ದಾಗ ಮೋರಿ ಕಟ್ಟಿದರೆ ಸದಸ್ಯನ ಮನೆ ಬಾಗಿಲು ತಟ್ಟುತ್ತಿದ್ದೆವು ಎಂದು ಇಲ್ಲಿನ ಹಳಬರು ಹೇಳುವಾಗ ನನಗೆ ಮಡಿಕೇರಿಯ ಸಂಜೆ ಬಸ್ಸು ನೆನಪಾಗುತ್ತದೆ.

ಹೊರಡುವ ಮುನ್ನ ತಕ್ಕಡಿಯನ್ನು ಕೈಗೆ ಕೊಡಿ ಎಂದು ಕೇಳಿದೆ. ಗೆಳೆಯರು ಮೊಳೆಯಿಂದ ಇಳಿಸಿ ಕೊಟ್ಟರು. ಎತ್ತಿ ಹಿಡಿದಾಗ ಮುಳ್ಳು ಒಂದೆರಡು ಬಾರಿ ಅತ್ತಿತ್ತ ಆಡಿ ನಡುವೆ ನಿಂತಿತು. ತಟ್ಟೆಯ ಅಂಚಿನಲ್ಲಿ ಇನ್ನೂ ಕರಿಮೆಣಸಿನ ವಾಸನೆಯಿತ್ತು. 1956ರ ನವೆಂಬರ್ ಕಳೆದ ಮೇಲೆ ಅಪ್ಪ ಇದನ್ನು ತೊಲೆಯಿಂದ ಬಿಚ್ಚಿ ಮತ್ತೆ ಉಗ್ರಾಣಕ್ಕೆ ಒಯ್ದರು, ಆ ವರ್ಷದ ಮೆಣಸನ್ನು ಇದರಲ್ಲೇ ತೂಗಿದರು ಎಂದರು ಅಜ್ಜಿ. ಮುಂದಿನ ತಿಂಗಳು ನಾನು ಮಡಿಕೇರಿಗೆ ಹೋಗುತ್ತಿದ್ದೇನೆಂದು ಕೇಳಿ ಒಂದು ಕೆಲಸ ಹೇಳಿದ್ದಾರೆ. ಅವರಪ್ಪ ಎಷ್ಟೋ ಸಲ ಹೋಗಿಬಂದ ಆ ಸಭಾಂಗಣವನ್ನು ಅವರು ಒಳಗಿನಿಂದ ನೋಡಿಯೇ ಇಲ್ಲ. 24 ಜನ ಕೂರುತ್ತಿದ್ದ ಜಾಗ ಉದ್ದಕ್ಕೆ ಎಷ್ಟು, ಅಗಲಕ್ಕೆ ಎಷ್ಟು ಎಂದು ಹೆಜ್ಜೆ ಹಾಕಿ ಅಳೆದು ಬರಬೇಕಂತೆ.