ಮಗಳ ಹ್ಯಾಮ್ಸ್ಟರ್, ಆಜಿಯ ಅಟ್ಟ

ಪುಣೆಗೆ ಬಂದು ಒಂಬತ್ತು ವರ್ಷವಾಯಿತು. ಸದಾಶಿವ ಪೇಠದ ಹಳೇ ಕಟ್ಟಡದ ಮಹಡಿಯಲ್ಲಿ ನಾವು ಬಾಡಿಗೆಗಿದ್ದೇವೆ. ಕೆಳಗೆ ಮನೆಯೊಡತಿ ಆಜಿ. ಮಗಳಿಗೆ ಹ್ಯಾಮ್ಸ್ಟರ್ ತಂದ ದಿನ ಅವರು ಪಂಜರ ಇಣುಕಿ, "ಹಾ ಉಂದೀರಚ್ ನಾ?" ಎಂದಿದ್ದರು. ಇಲಿಯೇ ತಾನೇ ಅಂತ! ಆದರೂ ಬೇಡವೆನ್ನಲಿಲ್ಲ.

ಕಳೆದ ಮಳೆಗಾಲದಲ್ಲಿ ಅದರ ಬೆನ್ನಿನ ಕೂದಲು ಉದುರತೊಡಗಿತು. ಚರ್ಮದ ಮೇಲೆಲ್ಲ ಹೊಟ್ಟು. "ನುಸಿ ಇರಬೇಕು ಕಣ್ರೀ" ಎಂದಳು ಹೆಂಡತಿ. ಸುದ್ದಿ ಕೆಳಗಿಳಿಯಿತು. ಆಜಿ ಮೆಟ್ಟಿಲು ಹತ್ತಿ ಬಂದರು. ಅವರ ಮನೆಯಲ್ಲಿ ಅಂಬೆಗಾಲಿಡುವ ಮೊಮ್ಮಗ. ಭಾನುವಾರದೊಳಗೆ ಅದನ್ನು ಎಲ್ಲಿಗಾದರೂ ಕೊಟ್ಟುಬಿಡಿ ಎಂದರು. ಮಗಳು ಊಟ ಬಿಟ್ಟಳು.

ಆಜಿಯ ಹೆದರಿಕೆ ನನಗೆ ಹೊಸದಲ್ಲ. ನಾನು ಸೊರಬದವನು. 1957ರಲ್ಲಿ ನಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಜನರಿಗೂ ಜ್ವರ ಬಂದಾಗ ಮೂಲ ಹುಡುಕಿದ್ದು ಇದೇ ಪುಣೆಯ ವೈರಸ್ ಸಂಶೋಧನಾ ಕೇಂದ್ರ, ಈಗಿನ ಎನ್‌ಐವಿ. ಆ ರೋಗ ಹರಡುವ ಉಣುಗು ನುಸಿಯ ದಾಯಾದಿ. ಕಾಡಿನ ಇಲಿ, ಸುಂಡಿಲಿಗಳ ಮೈಮೇಲೂ ಅದರ ಮರಿಗಳು ಬೆಳೆಯುತ್ತವೆ. ಕಾಡಿನಿಂದ ಬಂದರೆ ಅಮ್ಮ ನಮ್ಮ ಮೈಯೆಲ್ಲ ಹುಡುಕಿಯೇ ಒಳಗೆ ಬಿಡುತ್ತಿದ್ದಳು.

ನಾಯಿಗೆ ಹಾಕುವ ಉಣುಗಿನ ಔಷಧ ತರಲು ಹೊರಟಿದ್ದೆ. ಪುಣ್ಯಕ್ಕೆ ಮೊದಲು ಪಶುವೈದ್ಯರನ್ನು ಕೇಳಿದೆ. 100 ಗ್ರಾಂ ತೂಗುವ ಪ್ರಾಣಿಗೆ ನಾಯಿಯ ಔಷಧ ಹಾಕಿದರೆ ನುಸಿಗಿಂತ ಮೊದಲು ಅದೇ ಸತ್ತೀತು ಎಂದು ಗದರಿದರು. ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು: ಚುಟ್ಟಾದಂಥ ಉದ್ದನೆಯ ಜೀವಿ, ಡೆಮೊಡೆಕ್ಸ್. ಕೂದಲ ಬುಡದಲ್ಲಿ ವಾಸ. ಆರೋಗ್ಯವಾಗಿರುವ ಹ್ಯಾಮ್ಸ್ಟರಿನಲ್ಲೂ ನಾಲ್ಕಾರು ಇರುತ್ತವಂತೆ. ಮುಪ್ಪೋ ಕಾಯಿಲೆಯೋ ಬಂದಾಗ ಹೆಚ್ಚುತ್ತವೆ. ಮನುಷ್ಯರಿಗೆ ಹತ್ತುವುದಿಲ್ಲ.

ಮನುಷ್ಯರನ್ನು ಕಚ್ಚುವುದು ಬೇರೆ ನುಸಿ. ಅದು ಇಲಿಯ ರಕ್ತ ಕುಡಿದು, ಗೂಡಿನಲ್ಲೋ ಗೋಡೆಯ ಬಿರುಕಿನಲ್ಲೋ ಅಡಗುತ್ತದೆ. ನಮ್ಮ ಪಂಜರದಲ್ಲಿ ಅದಿರಲಿಲ್ಲ.

ವೈದ್ಯರೇ ಫೋನಿನಲ್ಲಿ ಆಜಿಗೆ ಮರಾಠಿಯಲ್ಲಿ ವಿವರಿಸಿದರು. ಎಲ್ಲ ಕೇಳಿ ಆಜಿ ಅಟ್ಟದತ್ತ ನೋಡಿದರು. ಅಲ್ಲಿ ರಾತ್ರಿಯಿಡೀ ಇಲಿಗಳ ಓಡಾಟ! ಆ ಭಾನುವಾರ ಹ್ಯಾಮ್ಸ್ಟರ್ ಹೋಗಲಿಲ್ಲ. ಎರಡೂ ಮನೆಯವರು ಸೇರಿ ಅಟ್ಟ ಖಾಲಿ ಮಾಡಿ, ಇಲಿಬಿಲಗಳಿಗೆ ಸಿಮೆಂಟ್ ಮೆತ್ತಿದೆವು.

ವೈದ್ಯರು ಕೊಟ್ಟ ಔಷಧದಿಂದ ಕೂದಲು ಅರ್ಧಕ್ಕರ್ಧ ಬಂದಿದೆ. ಹ್ಯಾಮ್ಸ್ಟರಿನ ಆಯುಸ್ಸೇ ಎರಡು ಮೂರು ವರ್ಷ. ನಮ್ಮದಕ್ಕೆ ಎರಡು ತುಂಬಿತು. ಮಗಳಿಗೆ ಅದು ಗೊತ್ತು. ಸಂಜೆ ಆಜಿ ಕಳಿಸುವ ಸೌತೆಕಾಯಿ ಚೂರನ್ನು ತಾನೇ ತಿನ್ನಿಸುತ್ತಾಳೆ.